ಜೈಲಿನಲ್ಲಿ ಶುರುವಾದ ಬಿ.ಎ. ಹೊರಗೆ ಬಂದ ಮೇಲೆ ನಿಂತುಹೋಗಿದೆ. ದಾರಿ ಗೊತ್ತಿರುವವರು ಹೇಳಿ

ಠಾಣೆಯ ಅಕ್ಕ
ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆಯ ಕನ್ನಡಿಗರು ಇಲ್ಲಿ ಹೆಚ್ಚಿರುವುದರಿಂದ ಇಲ್ಲಿಯೇ ಕೇಳುತ್ತಿದ್ದೇನೆ. ಜೈಲಿನ ಹೆಸರು, ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ತಮ್ಮನ ಜೊತೆ ಓದುತ್ತಿದ್ದವರು ಇನ್ನೂ ಒಳಗಿದ್ದಾರೆ, ಅವರಿಗೆ ತೊಂದರೆಯಾಗಬಾರದು.

ತಮ್ಮ ಕುಂದಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಹತ್ತನೆಯದು ಪಾಸಾಗಿ ಇಲ್ಲಿಗೆ ಬಂದವನು. ಹೊಟೇಲ್ ಕೆಲಸ. ಒಂದು ರಾತ್ರಿ ಗಲ್ಲಾದ ಹತ್ತಿರ ಶುರುವಾದ ಜಗಳದಲ್ಲಿ ಒಬ್ಬರ ಜೀವ ಹೋಯಿತು. ಶಿಕ್ಷೆಯಾಯಿತು, ಅನುಭವಿಸಿದ. ಅದು ಸರಿಯೇ ತಪ್ಪೇ ಎಂದು ವಾದಿಸಲು ನಾನು ಬಂದಿಲ್ಲ. ಒಳಗಿದ್ದಾಗ ಹನ್ನೆರಡನೆಯದು ಮುಗಿಸಿ, ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಸೇರಿದ. ಎರಡು ವರ್ಷದ ವಿಷಯಗಳು ಬಹುತೇಕ ಪಾಸು. ಮೂರನೆಯ ವರ್ಷಕ್ಕೆ ಹೆಸರು ನೋಂದಾಯಿಸುವ ಮೊದಲೇ ಬಿಡುಗಡೆಯಾಯಿತು.

ಈಗಿನ ಕಷ್ಟ ಇಷ್ಟು. ವಿಶ್ವವಿದ್ಯಾಲಯದಲ್ಲಿ ಅವನ ಹೆಸರಿನ ಮುಂದೆ ಇರುವ ಮೊಬೈಲ್ ನಂಬರು, ಇ-ಮೇಲು ಎರಡೂ ಆಗ ಒಳಗೆ ಪಾಠ ಮಾಡುತ್ತಿದ್ದ ಮೇಷ್ಟ್ರದ್ದು. ಅವರು ನಿವೃತ್ತರಾಗಿದ್ದಾರೆ, ಎಲ್ಲಿದ್ದಾರೆ ಗೊತ್ತಿಲ್ಲ. ಆಧಾರ್‌ಗೆ ಜೋಡಿಸಿದ್ದು ಬಂಧನಕ್ಕೆ ಮೊದಲಿನ ಸಿಮ್. ಆ ನಂಬರು ಈಗ ನಾಗಪುರದ ಯಾರದೋ ಕೈಯಲ್ಲಿದೆ. ಒಟಿಪಿ ಅವರಿಗೆ ಹೋಗುತ್ತದೆ. ಪಾಪ, ಒಳ್ಳೆಯ ಮನುಷ್ಯ, ಎರಡು ಸಲ ಹೇಳಿದರು, ಮೂರನೆಯ ಸಲಕ್ಕೆ ಭಯಪಟ್ಟು ಫೋನ್ ಎತ್ತುವುದನ್ನೇ ಬಿಟ್ಟರು. ಒಳಗೆ ಬರೆದುಕೊಟ್ಟ ಕೆಲವು ಅಸೈನ್‌ಮೆಂಟ್‌ಗಳ ಅಂಕ ಆನ್‌ಲೈನ್‌ನಲ್ಲಿ ಕಾಣುತ್ತಿಲ್ಲ. ವಿಚಾರಿಸಿದರೆ ‘ನಿಮ್ಮ ಅಧ್ಯಯನ ಕೇಂದ್ರಕ್ಕೆ ಹೋಗಿ ಕೇಳಿ’ ಎನ್ನುತ್ತಾರೆ. ಅವನ ಅಧ್ಯಯನ ಕೇಂದ್ರವೇ ಜೈಲು. ಆ ಗೇಟಿನ ಹತ್ತಿರ ಹೋಗಲು ಅವನು ಒಪ್ಪುವುದಿಲ್ಲ.

ಈ ಪದವಿ ಮುಗಿಯುತ್ತದೆಯೇ? ಮುಗಿದರೆ ಅದರಿಂದ ಏನಾದರೂ ಕೆಲಸ ಸಿಗುತ್ತದೆಯೇ?

ಪಿಂಪ್ರಿ ಪಾಟೀಲ
ಅಕ್ಕ, ಮುಗಿಯುತ್ತದೆ. ಮೊದಲು ಆಧಾರ್. ಆಧಾರ್ ಸೇವಾ ಕೇಂದ್ರಕ್ಕೆ ಅವರೇ ಹೋಗಿ ಬೆರಳಚ್ಚು ಕೊಟ್ಟರೆ ಹೊಸ ಮೊಬೈಲ್ ನಂಬರು ಸೇರಿಸುತ್ತಾರೆ, ಅದಕ್ಕೆ ಯಾವ ದಾಖಲೆಯೂ ಬೇಡ. ಆ ನಾಗಪುರದವರನ್ನು ಬಿಟ್ಟುಬಿಡಿ.

ಎರಡನೆಯದು, ಅಧ್ಯಯನ ಕೇಂದ್ರದ ಗೊಡವೆಗೆ ಹೋಗಲೇಬೇಡಿ. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಆಗಿದ್ದರೆ ಪ್ರಾದೇಶಿಕ ಕೇಂದ್ರವೇ ನಿಮ್ಮ ಕಚೇರಿ. ನೋಂದಣಿ ಸಂಖ್ಯೆ ಬರೆದು, ಹೊಸ ವಿಳಾಸ, ಮೊಬೈಲ್, ಇ-ಮೇಲ್ ಕೊಟ್ಟು, ಅಧ್ಯಯನ ಕೇಂದ್ರ ಬದಲಾಯಿಸಿಕೊಡಿ ಎಂದು ಅರ್ಜಿ ಹಾಕಿ. ಸಾಮಾನ್ಯ ವಿದ್ಯಾರ್ಥಿಗಳು ಊರು ಬದಲಾಯಿಸಿದಾಗ ಮಾಡುವುದೂ ಇದನ್ನೇ. ಬಿ.ಎ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಸೇರಿದ ವರ್ಷ ಯಾವುದೆಂದು ಈಗಲೇ ಲೆಕ್ಕ ಹಾಕಿ.

ನಾಸಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯ ಆಗಿದ್ದರೆ ನಿಯಮ ಬೇರೆ ಇರುತ್ತದೆ, ಆದರೆ ಅಲ್ಲಿಯೂ ಕೇಂದ್ರ ಬದಲಾಯಿಸಲು ಬರುತ್ತದೆ.

ಠಾಣೆಯ ಅಕ್ಕ
ಪಾಟೀಲರೇ, ಧನ್ಯವಾದ. ಅರ್ಜಿಯಲ್ಲಿ ಬಿಡುಗಡೆ ಪತ್ರದ ಪ್ರತಿ ಲಗತ್ತಿಸಬೇಕೇ? ಅದನ್ನು ಯಾರ ಕೈಗೂ ಕೊಡಲು ಅವನಿಗೆ ಮನಸ್ಸಿಲ್ಲ.

ಪಿಂಪ್ರಿ ಪಾಟೀಲ
ಕೇಳಿದರೆ ಮಾತ್ರ ಕೊಡಿ. ಕೇಳದೆ ಕೊಟ್ಟ ಕಾಗದ ಕಚೇರಿಯಲ್ಲಿ ನಾಲ್ಕು ಮೇಜು ಸುತ್ತುತ್ತದೆ.

ತೆರಿಗೆ ಕಟ್ಟುವವನು
ಒಂದು ಪ್ರಶ್ನೆ ಕೇಳಬಹುದೇ? ನನ್ನ ಮಗಳ ಪದವಿಗೆ ನವಿ ಮುಂಬೈಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಸುರಿಯುತ್ತಿದ್ದೇನೆ. ಜೈಲಿನಲ್ಲಿರುವವರಿಗೆ ಇಗ್ನೋ ಶುಲ್ಕವೇ ಇಲ್ಲವಂತೆ. ಊಟ ಉಚಿತ, ವಸತಿ ಉಚಿತ, ಈಗ ಪದವಿಯೂ ಉಚಿತ. ಜೊತೆಗೆ ಪರೀಕ್ಷೆ ಪಾಸಾದರೆ ಶಿಕ್ಷೆಯೂ ಕಡಿಮೆ. ಸತ್ತವನ ಮಕ್ಕಳಿಗೆ ಯಾರು ಶುಲ್ಕ ಕಟ್ಟಿದರು?

ಮಾಟುಂಗಾ ಮಾವ
ಹೆಸರೇ ‘ತೆರಿಗೆ ಕಟ್ಟುವವನು’! ನಾವೆಲ್ಲ ಇಲ್ಲಿ ಕಟ್ಟದೆ ಕುಳಿತಿದ್ದೇವೆಯೇ?

ಠಾಣೆಯ ಅಕ್ಕ
ಸತ್ತವರ ಮಕ್ಕಳ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ತಮ್ಮ ಓದದಿದ್ದರೆ ಆ ಮಕ್ಕಳಿಗೆ ಏನು ಸಿಗುತ್ತಿತ್ತು ಎಂದೂ ನನಗೆ ಗೊತ್ತಾಗುತ್ತಿಲ್ಲ.

ಫೋರ್ಟ್ ವಕೀಲ
ತೆರಿಗೆದಾರರ ಮಾತಿನಲ್ಲಿ ಎರಡು ಸಂಗತಿ ಬೆರೆತಿವೆ, ಬಿಡಿಸುತ್ತೇನೆ. ಮಹಾರಾಷ್ಟ್ರದಲ್ಲಿ ಪರೀಕ್ಷೆ ಪಾಸಾದ ಕೈದಿಗಳಿಗೆ ವಿಶೇಷ ಮಾಫಿ, ಅಂದರೆ ಶಿಕ್ಷೆಯಲ್ಲಿ ಕಡಿತ, ಕೊಡುವ ಪದ್ಧತಿ ಇದೆ, ಮೂರು ತಿಂಗಳವರೆಗೆ ಸಿಗುತ್ತದೆ. ಆದರೆ ಮಾಫಿ ಸಿಗುವುದು ಶಿಕ್ಷೆಯಾದವರಿಗೆ ಮಾತ್ರ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿ ತೆಗೆದು ನೋಡಿ, ದೇಶದ ಜೈಲುಗಳಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು. ಇನ್ನೂ ಅಪರಾಧಿ ಎಂದು ತೀರ್ಮಾನವೇ ಆಗದವರು. ಅವರು ಓದಿದರೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಆದರೂ ಪರೀಕ್ಷೆಗೆ ಕೂರುತ್ತಾರೆ.

ಶುಲ್ಕದ ವಿಚಾರ: ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಹೊರಗಿನವರು ಕಟ್ಟುವುದೇ ವರ್ಷಕ್ಕೆ ಕೆಲವು ಸಾವಿರ. ನಿಮ್ಮ ಮಗಳ ಕಾಲೇಜಿನ ಶುಲ್ಕವನ್ನು ಕೈದಿಯ ತಲೆಗೆ ಕಟ್ಟಬೇಡಿ, ಆ ಕಾಲೇಜಿನ ಟ್ರಸ್ಟಿಗಳನ್ನು ಕೇಳಿ.

ತೆರಿಗೆ ಕಟ್ಟುವವನು
ವಕೀಲರಿಗೆ ಅದರಲ್ಲಿ ಲಾಭವಿದೆ, ಹೇಳುತ್ತೀರಿ. ಓದಿಸಿ, ಬೇಡ ಎನ್ನುವುದಿಲ್ಲ. ಹತ್ತನೆಯದು ಓದಿಸಿ, ವೆಲ್ಡಿಂಗ್ ಕಲಿಸಿ, ಬಡಗಿ ಕೆಲಸ ಕಲಿಸಿ. ಬಿ.ಎ., ಎಂ.ಎ. ಏಕೆ? ಹೊರಗೆ ಬಿ.ಎ. ಆದವರೇ ಪಾರ್ಸೆಲ್ ಹೊತ್ತು ತಿರುಗುತ್ತಿದ್ದಾರೆ.

ದೇವನಾರ್ ವಿದ್ಯಾರ್ಥಿನಿ
ಸಮಾಜಕಾರ್ಯ ಓದುತ್ತಿದ್ದೇನೆ, ನನ್ನ ವಿಷಯವೇ ಇದು. ‘ಕಸುಬು ಕಲಿಸಿ ಸಾಕು’ ಎಂಬ ವಾದ ಅಮೆರಿಕದಲ್ಲೂ ನಡೆದಿತ್ತು. ಅಲ್ಲಿ ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವನ್ನು 1994ರಲ್ಲಿ ಕೈದಿಗಳಿಗೆ ನಿಲ್ಲಿಸಿಬಿಟ್ಟರು, ಇದೇ ತೆರಿಗೆಯ ಮಾತು ಹೇಳಿ. ಜೈಲಿನ ಒಳಗಿದ್ದ ಕಾಲೇಜು ತರಗತಿಗಳು ಸಾಲಾಗಿ ಮುಚ್ಚಿದವು. ಸುಮಾರು 30 ವರ್ಷ ಕಳೆದ ಮೇಲೆ, 2023ರ ಜುಲೈಯಲ್ಲಿ ಆ ನೆರವು ಪೂರ್ತಿಯಾಗಿ ವಾಪಸು ಬಂತು. ನಡುವೆ 2013ರಲ್ಲಿ ರ‍್ಯಾಂಡ್ ಸಂಸ್ಥೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಜೈಲಿನಲ್ಲಿ ಓದಿದವರು ಮತ್ತೆ ಜೈಲಿಗೆ ಮರಳುವ ಸಂಭವ ಓದದವರಿಗಿಂತ ಶೇ. 43ರಷ್ಟು ಕಡಿಮೆ, ಓದಿಸಲು ಖರ್ಚಾಗುವ ಒಂದು ಡಾಲರ್‌ಗೆ ಮುಂದೆ ನಾಲ್ಕೈದು ಡಾಲರ್ ಉಳಿಯುತ್ತದೆ ಎಂದು ಅದು ಹೇಳಿತು. ಉಳಿಯುವುದು ತೆರಿಗೆದಾರನ ದುಡ್ಡೇ.

ಕಲೀನಾ ಹಳೆಯ ವಿದ್ಯಾರ್ಥಿ
ತಂಗಿ, ಆ 43ನ್ನು ಎಲ್ಲರೂ ಮಂತ್ರದ ಹಾಗೆ ಹೇಳುತ್ತಾರೆ. ಜೈಲಿನಲ್ಲಿ ತಾನಾಗಿ ಪುಸ್ತಕ ಹಿಡಿಯುವವನು ಮೊದಲೇ ಬೇರೆ ಥರದ ಮನುಷ್ಯ. ಅವನು ಓದಿದ್ದರಿಂದ ಸುಧಾರಿಸಿದನೋ, ಸುಧಾರಿಸಬೇಕೆಂದಿದ್ದವನಾದ್ದರಿಂದ ಓದಿದನೋ? ಅಲ್ಲದೆ ಆ ಲೆಕ್ಕದಲ್ಲಿ ಅಕ್ಷರಾಭ್ಯಾಸದಿಂದ ಕಾಲೇಜಿನವರೆಗೆ ಎಲ್ಲವೂ ಸೇರಿದೆ. ಅದರಿಂದ ಬಿ.ಎ.ಯನ್ನೇ ಸಮರ್ಥಿಸಲು ಬರುವುದಿಲ್ಲ. ನಾನು ಓದಿನ ವಿರೋಧಿಯಲ್ಲ, ಅಂಕಿಗಳ ವಿಷಯದಲ್ಲಿ ಸ್ವಲ್ಪ ಜಿಪುಣ.

ದೇವನಾರ್ ವಿದ್ಯಾರ್ಥಿನಿ
ಆ ಆಕ್ಷೇಪವನ್ನು ಅವರೂ ಎತ್ತಿಕೊಂಡಿದ್ದಾರೆ ಸರ್. ಗುಂಪುಗಳನ್ನು ಎಚ್ಚರಿಕೆಯಿಂದ ಹೋಲಿಸಿದ ಅಧ್ಯಯನಗಳಿಗೆ ಹೆಚ್ಚು ತೂಕ ಕೊಟ್ಟೇ ಆ ಸಂಖ್ಯೆ ತೆಗೆದದ್ದು. ಪೂರ್ತಿ ನಿವಾರಣೆಯಾಗಿದೆ ಎಂದು ನಾನೂ ಹೇಳುವುದಿಲ್ಲ.

ಹೊರಗೆ ಬಂದವನು
ಅಮೆರಿಕದ ಮಾತು ಸಾಕು, ಇಲ್ಲಿಯದು ಹೇಳುತ್ತೇನೆ. ನಾನು ಮಹಾರಾಷ್ಟ್ರದ ಒಂದು ಜೈಲಿನಲ್ಲಿ ವಿಚಾರಣಾಧೀನನಾಗಿದ್ದೆ. ಕೊನೆಗೆ ಖುಲಾಸೆಯಾಯಿತು. ಅಲ್ಲಿಂದಲೇ ಪದವಿ ಮುಗಿಸಿದೆ.

ಹೊರಗಿನವರು ಜೈಲಿನಲ್ಲಿ ಸಮಯ ಬೇಕಾದಷ್ಟಿದೆ, ಓದುವುದೊಂದೇ ಕೆಲಸ ಎಂದುಕೊಳ್ಳುತ್ತಾರೆ. ಸಮಯವೇನೋ ಇದೆ, ಓದಲು ಜಾಗವಿಲ್ಲ. ಬ್ಯಾರಕ್‌ನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ಅದು ಓದುವವನಿಗೆ ಅನುಕೂಲ ಎಂದು ತೋರಬಹುದು. ಆದರೆ ಪಕ್ಕದವನ ಮೊಣಕೈ ನಿಮ್ಮ ಪಕ್ಕೆಲುಬಿಗೆ ತಾಗುತ್ತಿರುತ್ತದೆ, ಟಿ.ವಿ. ಒದರುತ್ತಿರುತ್ತದೆ, ಒಬ್ಬನಿಗೆ ಜಾಮೀನು ತಿರಸ್ಕಾರವಾಗಿ ಅಳುತ್ತಿರುತ್ತಾನೆ. ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಗ್ರಂಥಾಲಯವೂ ಇಲ್ಲ, ಮೇಷ್ಟ್ರೂ ಇಲ್ಲ. ಪುಸ್ತಕದ ಕಟ್ಟು ಅಂಚೆಯಲ್ಲಿ ಬರುತ್ತದೆ, ತಪಾಸಣೆಯಲ್ಲಿ ಕೂರುತ್ತದೆ. ಅಸೈನ್‌ಮೆಂಟ್‌ಗೆ ಬಿಳಿ ಹಾಳೆ ಮನೆಯವರು ಮುಲಾಖತ್‌ಗೆ ಬಂದಾಗ ತಂದುಕೊಟ್ಟರೆ ಉಂಟು.

ಪರೀಕ್ಷೆಯ ದಿನವೇ ಕೋರ್ಟ್ ತಾರೀಖು ಬಿದ್ದರೆ? ನನಗೆ ಬಿತ್ತು. ಕೋರ್ಟಿಗೆ ಹೋಗದಿದ್ದರೆ ಕೇಸು ಮುಂದೆ ಹೋಗುತ್ತದೆ, ಹೋದರೆ ಆರು ತಿಂಗಳು ವಿಷಯ ಬಾಕಿ. ವ್ಯಾನಿನಲ್ಲಿ ಕುಳಿತು ಕೋರ್ಟಿಗೆ ಹೋದೆ, ಅಲ್ಲಿ ಸಾಕ್ಷಿ ಬಂದಿರಲಿಲ್ಲ. ಇನ್ನೊಬ್ಬ ಗೆಳೆಯನನ್ನು ಪರೀಕ್ಷೆಗೆ ಸ್ವಲ್ಪ ಮೊದಲು ಬೇರೆ ಜೈಲಿಗೆ ವರ್ಗಾಯಿಸಿದರು. ಹಾಲ್‌ಟಿಕೆಟ್ ಇಲ್ಲಿ, ಅವನು ಅಲ್ಲಿ.

ಓದಿದವನಿಗೆ ಒಳಗೆ ಒಂದು ಬೆಲೆ ಇದೆ, ಸುಳ್ಳು ಹೇಳುವುದಿಲ್ಲ. ರೈಟರ್ ಕೆಲಸ ಸಿಗುತ್ತದೆ, ಇತರರು ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ನಾನು ಎಷ್ಟು ಜನರಿಗೆ ಜಾಮೀನು ಅರ್ಜಿಯನ್ನು ಹಿಂದಿಯಲ್ಲಿ ಬರೆದುಕೊಟ್ಟೆನೋ. ಬರೆಯುವ ಕೆಲಸ ಯಾರಿಗೆ, ಗುಡಿಸುವ ಕೆಲಸ ಯಾರಿಗೆ ಎನ್ನುವುದರಲ್ಲಿ ಜಾತಿ ನುಸುಳುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೈಲಿನ ಕೆಲಸವನ್ನು ಜಾತಿಯ ಮೇಲೆ ಹಂಚಬಾರದು, ರಿಜಿಸ್ಟರ್‌ನಲ್ಲಿ ಜಾತಿಯ ಕಾಲಂ ಇರಬಾರದು ಎಂದು ಹೇಳಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಬ್ಯಾರಕ್‌ನ ಪೊರಕೆ ಹಿಡಿದ ಒಬ್ಬ ಹುಡುಗ. ನನಗಿಂತ ಚೆನ್ನಾಗಿ ಮರಾಠಿ ಬರೆಯುತ್ತಿದ್ದ.

ಅಕ್ಕ, ತಮ್ಮನಿಗೆ ಹೇಳಿ, ಆ ಗೇಟಿಗೆ ಹೋಗಬೇಕಾಗಿಲ್ಲ. ನನಗೂ ಆ ರಸ್ತೆಯಲ್ಲಿ ರಿಕ್ಷಾ ತಿರುಗಿದರೆ ಕೈ ತಣ್ಣಗಾಗುತ್ತದೆ.

ವಾಸ್ಕೋ ಬಸವರಾಜ
ಅಣ್ಣ, ಓದಿ ಸುಮ್ಮನೆ ಕುಳಿತೆ.

ಗೋವಾದ ಸ್ಥಿತಿ ಹೇಳಬೇಕೆಂದರೆ ಇಲ್ಲಿ ಬಿ.ಎ.ಯ ಮಾತು ಬಹಳ ದೂರ. ಆಗ್ವಾದ ಹಳೆಯ ಜೈಲು 2015ರಲ್ಲಿ ಮುಚ್ಚಿ ಕೊಲ್ವಾಳದಲ್ಲಿ ಹೊಸದಾಯಿತು. ಬಾಯ್ನಾ, ಝುವಾರಿ ನಗರದ ಕಡೆ ನಮ್ಮ ಬಾಗಲಕೋಟೆ, ವಿಜಯಪುರ, ಗದಗದ ಜನ ಎಷ್ಟಿದ್ದಾರೆಂದು ನಿಮಗೆಲ್ಲ ಗೊತ್ತು. ಕಟ್ಟಡ ಕೆಲಸದ ಹುಡುಗರು, ಏಳನೆಯ ತರಗತಿಗೇ ಶಾಲೆ ಬಿಟ್ಟವರು. ನನ್ನ ಮಾವನ ಮಗ ಕಳ್ಳತನದ ಕೇಸಿನಲ್ಲಿ ಒಳಗಿದ್ದಾನೆ, ಜಾಮೀನಾಗಿದೆ, ಶ್ಯೂರಿಟಿ ಕೊಡುವವರಿಲ್ಲ. ಅವನಿಗೆ ಓದುವ ಆಸೆ ಬಂದಿದೆ. ಕನ್ನಡ ಬಿಟ್ಟರೆ ಓದಲು ಬೇರೆ ಯಾವ ಭಾಷೆಯೂ ಬಾರದು. ಕೊಂಕಣಿ ಮಾತನಾಡುತ್ತಾನೆ, ಹಿಂದಿ ಸಿನಿಮಾದಷ್ಟು ಬರುತ್ತದೆ. ಮುಕ್ತ ಶಾಲೆ, ಮುಕ್ತ ವಿಶ್ವವಿದ್ಯಾಲಯ ಎಂದು ಎಲ್ಲರೂ ಹೇಳುತ್ತಾರೆ, ಯಾವ ಭಾಷೆಯಲ್ಲಿ ಎಂದು ಯಾರೂ ಹೇಳುವುದಿಲ್ಲ.

ಪಿಂಪ್ರಿ ಪಾಟೀಲ
ಇದು ಅಸಲು ಮಾತು. ಇಗ್ನೋ ಬಿ.ಎ. ಮುಖ್ಯವಾಗಿ ಇಂಗ್ಲಿಷ್, ಹಿಂದಿ. ನಾಸಿಕದ್ದು ಮರಾಠಿ. ನಾಸಿಕದವರಲ್ಲಿ ಹನ್ನೆರಡನೆಯದು ಆಗದವರಿಗೆ ಪೂರ್ವಸಿದ್ಧತೆಯ ಒಂದು ಕೋರ್ಸ್ ಇತ್ತು, ಅದು ಪಾಸಾದರೆ ಪದವಿಗೆ ಸೇರಬಹುದಿತ್ತು, ಈಗಲೂ ಇದೆಯೇ ಎಂದು ವಿಚಾರಿಸಿ. ಒಳ್ಳೆಯ ಏರ್ಪಾಡು, ಆದರೆ ಮರಾಠಿ ಬಂದರೆ ಮಾತ್ರ.

ಕಲೀನಾ ಹಳೆಯ ವಿದ್ಯಾರ್ಥಿ
ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಕನ್ನಡದಲ್ಲೇ ಬಿ.ಎ. ಮಾಡಬಹುದಲ್ಲ? ಪುಣೆಯಲ್ಲೋ ಮುಂಬೈಯಲ್ಲೋ ಒಂದು ಕೇಂದ್ರ ತೆರೆದರೆ ಜೈಲಿನವರಿಗೂ ಆಯಿತು, ಹೊಟೇಲ್ ಹುಡುಗರಿಗೂ ಆಯಿತು.

ಫೋರ್ಟ್ ವಕೀಲ
ತೆರೆಯಲು ಬರುವುದಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿಯೊಳಗೇ ಕೇಂದ್ರ ನಡೆಸಬೇಕು. ಬಿಡುಗಡೆಯಾದವರು ಕರ್ನಾಟಕದ ವಿದ್ಯಾರ್ಥಿಯಾಗಿ ಸೇರಿ, ಪರೀಕ್ಷೆಗೆ ಅಲ್ಲಿಗೆ ಹೋಗಿ ಬರಬಹುದು. ಒಳಗಿರುವವರಿಗೆ ಸಾಧ್ಯವಿಲ್ಲ.

ಕಲೀನಾ ಹಳೆಯ ವಿದ್ಯಾರ್ಥಿ
ಹಾಗಾದರೆ ಆ ನಿಯಮಕ್ಕೆ ಜೈಲುಗಳ ಮಟ್ಟಿಗೆ ಒಂದು ವಿನಾಯಿತಿ ಕೇಳಬೇಕು. ಪರೀಕ್ಷೆ ಬರೆಯಲು ಗಡಿ ದಾಟಲಾಗದವನಿಗೆ ಗಡಿಯ ನಿಯಮ ಹಾಕುವುದರಲ್ಲಿ ಏನು ಅರ್ಥ? ಸಂಘಗಳು ಸೇರಿ ಒಂದು ಮನವಿ ಕೊಡಲಿ. ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುವಾಗ ಇದನ್ನೂ ಒಂದು ಕೈಯಲ್ಲಿಡಲಿ.

ಮಾಟುಂಗಾ ಮಾವ
ಸಂಘಗಳ ಮಾತು ಬಂತು, ಹಾಗಾಗಿ ಹೇಳುತ್ತೇನೆ. ಈ ಮುಂಬೈಯಲ್ಲಿ ಕನ್ನಡ ರಾತ್ರಿ ಶಾಲೆಗಳು ಹೇಗೆ ನಡೆಯುತ್ತಿದ್ದವು ಎಂದು ಈಗಿನವರಿಗೆ ಗೊತ್ತಿಲ್ಲ. ಕೋಟೆ ಭಾಗದಲ್ಲಿ, ದಾದರಿನಲ್ಲಿ, ಉಪನಗರಗಳಲ್ಲಿ ಎಲ್ಲಾ ಕಡೆ ಇದ್ದವು. ಹಗಲು ಹೊಟೇಲಿನಲ್ಲಿ ಕಪ್ ಬಸಿ ತೊಳೆದ ಹುಡುಗ ರಾತ್ರಿ ಬೆಂಚಿನ ಮೇಲೆ ಕುಳಿತು ತೂಕಡಿಸುತ್ತ ಗಣಿತ ಕಲಿಯುತ್ತಿದ್ದ. ಅವರಲ್ಲಿ ಬ್ಯಾಂಕ್ ಮ್ಯಾನೇಜರ್ ಆದವರಿದ್ದಾರೆ, ವಕೀಲರಾದವರಿದ್ದಾರೆ, ಹೊಟೇಲ್ ಮಾಲೀಕರಾದವರ ಲೆಕ್ಕವೇ ಇಲ್ಲ. ಮೇಷ್ಟ್ರಿಗೆ ಸಂಬಳ ಅಷ್ಟಕ್ಕಷ್ಟೆ. ನಾನೂ ಎಂಟನೆಯ ತರಗತಿಗೆ ಸಮಾಜ ಪಾಠ ಮಾಡಿದವನು. ಹೆಚ್ಚಿನ ಮಾಲೀಕರು ಹುಡುಗರನ್ನು ಏಳು ಗಂಟೆಗೆ ಬಿಡುತ್ತಿದ್ದರು, ಕೆಲವರು ಬಿಡುತ್ತಿರಲಿಲ್ಲ. ಬಿಡದವರ ಮನೆಗೆ ನಾವು ಹೋಗಿ ಕೂರುತ್ತಿದ್ದೆವು.

ಆ ವ್ಯವಸ್ಥೆ ಈಗ ಬಹುತೇಕ ಮುಗಿದಿದೆ. ಆದರೆ ಆ ಕಟ್ಟಡಗಳಿವೆ, ಠೇವಣಿಗಳಿವೆ, ನನ್ನ ಹಾಗೆ ಮನೆಯಲ್ಲಿ ಕುಳಿತ ನಿವೃತ್ತ ಮೇಷ್ಟ್ರುಗಳಿದ್ದೇವೆ.

ಘಾಟ್ಕೋಪರ್ ಮಯ್ಯ
ಮಾವ, ನೀವು ಹೇಳುವ ರಾತ್ರಿ ಶಾಲೆಯಲ್ಲಿ ನಮ್ಮ ತಂದೆ ಓದಿದ್ದು. ಆದರೆ ಈಗ ಪಾಲಿಕೆಯ ಕನ್ನಡ ಶಾಲೆಗಳಲ್ಲೇ ಮಕ್ಕಳಿಲ್ಲ. ನಮ್ಮ ಸಂಘದಲ್ಲಿ ಯಕ್ಷಗಾನಕ್ಕೆ ದುಡ್ಡು ಹುಟ್ಟುತ್ತದೆ, ಹಳದಿ ಕುಂಕುಮಕ್ಕೆ ಹುಟ್ಟುತ್ತದೆ. ಜೈಲಿನಿಂದ ಬಂದವರಿಗೆ ಎಂದರೆ ಖಜಾಂಚಿ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಾರೆ.

ಮಾಟುಂಗಾ ಮಾವ
ಯಕ್ಷಗಾನವನ್ನು ಏಕೆ ಎಳೆಯುತ್ತೀರಿ? ಅದೂ ಬೇಕು.

ಘಾಟ್ಕೋಪರ್ ಮಯ್ಯ
ಬೇಡ ಎಂದೆನೇ? ಕಳೆದ ವರ್ಷ ನಾನೇ ಚೆಂಡೆಯವರ ಊಟದ ಖರ್ಚು ಕೊಟ್ಟವನು.

ಫೋರ್ಟ್ ವಕೀಲ
ಯಕ್ಷಗಾನಕ್ಕೆ ಬೇರೆ ಚರ್ಚೆ ತೆರೆಯಿರಿ. ಅಕ್ಕನ ಎರಡನೆಯ ಪ್ರಶ್ನೆಗೆ, ಅಂದರೆ ಕೆಲಸದ ಪ್ರಶ್ನೆಗೆ, ಇನ್ನೂ ಯಾರೂ ಬಂದಿಲ್ಲ.

ತೆರಿಗೆ ಕಟ್ಟುವವನು
ಉತ್ತರ ಗೊತ್ತೇ ಇದೆ. ಪೊಲೀಸ್ ವೆರಿಫಿಕೇಶನ್ ಆದ ಕೂಡಲೇ ಬಾಗಿಲು ಹಾಕುತ್ತಾರೆ. ಸರ್ಕಾರಿ ಕೆಲಸ ಇಲ್ಲ, ವಕೀಲನಾಗಲು ಜನ್ಮದಲ್ಲಿ ಸಾಧ್ಯವಿಲ್ಲ. ಅದಕ್ಕೇ ಕಸುಬು ಕಲಿಸಿ ಎಂದದ್ದು.

ಫೋರ್ಟ್ ವಕೀಲ
‘ಜನ್ಮದಲ್ಲಿ’ ಎಂಬುದು ತಪ್ಪು. ವಕೀಲರ ಕಾಯ್ದೆಯ 24ಎ ಕಲಮಿನ ಪ್ರಕಾರ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರನ್ನು ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ, ನಿಜ. ಆದರೆ ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ಆ ಅನರ್ಹತೆ ಇರುವುದಿಲ್ಲ ಎಂದು ಅದೇ ಕಲಮಿನಲ್ಲಿದೆ. ಬಾರ್ ಕೌನ್ಸಿಲ್ ಒಂದಿಷ್ಟು ಪ್ರಶ್ನೆ ಕೇಳಬಹುದು, ಅದು ಬೇರೆ ಮಾತು.

ಕಾನೂನು ಓದಿಗೆ ನಿಜವಾದ ಅಡ್ಡಿ ಹಾಜರಾತಿ. ಎಲ್‌ಎಲ್‌ಬಿಯನ್ನು ದೂರಶಿಕ್ಷಣದಲ್ಲಿ ಮಾಡಲು ಬರುವುದಿಲ್ಲ, ಕಾಲೇಜಿನಲ್ಲಿ ಕೂರಬೇಕು. 2023ರಲ್ಲಿ ಕೇರಳ ಹೈಕೋರ್ಟ್ ಇಬ್ಬರು ಕೈದಿಗಳಿಗೆ ಆನ್‌ಲೈನ್‌ನಲ್ಲಿ ಎಲ್‌ಎಲ್‌ಬಿ ತರಗತಿ ಕೇಳಲು ಅವಕಾಶ ಕೊಟ್ಟಿತು. 2024ರಲ್ಲಿ ನಮ್ಮ ಬಾಂಬೆ ಹೈಕೋರ್ಟ್, ತಳೋಜಾ ಜೈಲಿನಲ್ಲಿದ್ದ ಒಬ್ಬ ವಿಚಾರಣಾಧೀನರಿಗೆ ಸಿದ್ಧಾರ್ಥ ಕಾನೂನು ಕಾಲೇಜಿನಲ್ಲಿ ಪ್ರವೇಶ ಪಡೆಯಲು ಬಿಟ್ಟಿತು. ಪ್ರವೇಶ ಪರೀಕ್ಷೆ ಪಾಸಾಗಿ ಸೀಟು ಸಿಕ್ಕಿತ್ತು, ಅದನ್ನು ತಪ್ಪಿಸುವುದು ಮೂಲಭೂತ ಹಕ್ಕಿಗೆ ಧಕ್ಕೆ ಎಂದರು. ಹಾಜರಾತಿಯ ಗಂಟು ಹಾಗೆಯೇ ಉಳಿಯಿತು. ಒಬ್ಬೊಬ್ಬರೂ ಹೈಕೋರ್ಟಿಗೆ ಹೋಗಿ ಸೀಟು ತರಬೇಕೆಂದರೆ ಅದು ವ್ಯವಸ್ಥೆಯಲ್ಲ.

ಸರ್ಕಾರಿ ಕೆಲಸ ಕೊಲೆಯ ಕೇಸಿನವರಿಗೆ ಕಷ್ಟವೇ, ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಯಾವ ಅರ್ಜಿಯಲ್ಲೂ ವಿಷಯ ಮುಚ್ಚಿಡಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರವಾಗಿ ನೋಡಿದೆ. ನಿಜ ಹೇಳಿದರೂ ಕೆಲಸ ಕೊಡಲೇಬೇಕೆಂದಿಲ್ಲ, ಮಾಲೀಕನಿಗೆ ವಿಚಾರಿಸುವ ಅಧಿಕಾರವಿದೆ. ಮುಚ್ಚಿಟ್ಟರೆ ಮಾತ್ರ ಸಿಕ್ಕ ಕೆಲಸವೂ ಹೋಗಬಹುದು. ಇನ್ನು, ಬಾಲಾಪರಾಧಿಯಾಗಿದ್ದವರಿಗೆ 2015ರ ಕಾಯ್ದೆಯ 24ನೆಯ ಕಲಂ, ಪ್ರೊಬೇಶನ್ ಮೇಲೆ ಬಿಡುಗಡೆಯಾದವರಿಗೆ 1958ರ ಕಾಯ್ದೆಯ 12ನೆಯ ಕಲಂ ರಕ್ಷಣೆ ಕೊಡುತ್ತವೆ. ಅವು ನಿಮ್ಮ ತಮ್ಮನಿಗೆ ಅನ್ವಯಿಸುವುದಿಲ್ಲ, ಆದರೆ ಬಸವರಾಜರಂಥ ಮನೆಯವರು ತಿಳಿದಿರಲಿ.

ಹೊರಗೆ ಬಂದವನು
ವಕೀಲರು ಹೇಳಿದ್ದು ಕಾಗದದ ಮೇಲಿನದು. ಸಂದರ್ಶನದಲ್ಲಿ ಯಾರೂ ಕಲಮು ಕೇಳುವುದಿಲ್ಲ. ‘ಈ ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ’ ಎಂದು ಕೇಳುತ್ತಾರೆ. ನನ್ನ ಹತ್ತಿರ ಪದವಿ ಇದ್ದದ್ದರಿಂದ ‘ಓದುತ್ತಿದ್ದೆ’ ಎಂದು ಹೇಳಲು ಬಂತು. ಸುಳ್ಳಲ್ಲ. ಮೊದಲ ಸಂದರ್ಶನದಲ್ಲಿ ಅಷ್ಟೇ ಹೇಳಿದೆ, ಎರಡನೆಯ ಸುತ್ತಿನಲ್ಲಿ ಪೂರ್ತಿ ಹೇಳಿದೆ. ಒಬ್ಬರು ಎದ್ದು ಹೋದರು. ಇನ್ನೊಂದು ಕಡೆ ಗೋದಾಮಿನ ಲೆಕ್ಕ ಬರೆಯುವ ಕೆಲಸ ಕೊಟ್ಟರು, ಈಗಲೂ ಅಲ್ಲಿಯೇ ಇದ್ದೇನೆ.

ಠಾಣೆಯ ಅಕ್ಕ
ಪದವಿ ಪತ್ರದ ಮೇಲೆ ಜೈಲಿನ ಹೆಸರು ಬರುತ್ತದೆಯೇ ಅಣ್ಣ? ತಮ್ಮ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅವನಿಗೆ ಇರುವ ಭಯ ಅದೇ.

ಹೊರಗೆ ಬಂದವನು
ಈಗಲೇ ಕಪಾಟಿನಿಂದ ತೆಗೆದು ನೋಡಿದೆ. ನನ್ನದರಲ್ಲಿ ಇಲ್ಲ. ವಿಶ್ವವಿದ್ಯಾಲಯದ ಹೆಸರು, ನನ್ನ ಹೆಸರು, ಪದವಿ, ದರ್ಜೆ, ವರ್ಷ, ಅಷ್ಟೇ.

ದೇವನಾರ್ ವಿದ್ಯಾರ್ಥಿನಿ
ಅಕ್ಕ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ ಯೋಜನೆ 1990ರಿಂದ ಮುಂಬೈಯಲ್ಲಿ ಇದೇ ಕೆಲಸ ಮಾಡುತ್ತಿದೆ. ಬಿಡುಗಡೆಯಾದವರಿಗೆ ಕಾಗದಪತ್ರ, ತರಬೇತಿ, ಕೆಲಸ ಹುಡುಕಲು ಸಹಾಯ. ಒಮ್ಮೆ ಹೋಗಿ ಮಾತನಾಡಿ.

ತೆರಿಗೆದಾರರಿಗೆ ಒಂದು ಮಾತು. ನಾನು ಕೆಲಸ ಮಾಡುವಾಗ ಕಂಡ ದೊಡ್ಡ ಅಡ್ಡಿ ದುಡ್ಡೂ ಅಲ್ಲ, ಬುದ್ಧಿಯೂ ಅಲ್ಲ. ಎಲ್ಲವೂ ಮೊಬೈಲಿಗೆ ಬಂದಿರುವುದು. ದೂರಶಿಕ್ಷಣಕ್ಕೆ ಸೇರಲು ಈಗ ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ಡೆಬ್ ಐಡಿ ಎಂಬ ಸಂಖ್ಯೆ ಬೇಕು, ಅದಕ್ಕೆ ಓದಿನ ಕ್ರೆಡಿಟ್‌ಗಳ ಲೆಕ್ಕವಿಡುವ ಕ್ರೆಡಿಟ್ ಬ್ಯಾಂಕ್ ಐಡಿ ಬೇಕು, ಅದಕ್ಕೆ ಡಿಜಿಲಾಕರ್, ಅದಕ್ಕೆ ಆಧಾರ್ ಒಟಿಪಿ. ಮೊಬೈಲ್ ಇಟ್ಟುಕೊಳ್ಳುವುದೇ ಅಪರಾಧವಾದ ಜಾಗದಲ್ಲಿ ಕುಳಿತವನು ಇದನ್ನು ಹೇಗೆ ಮಾಡಬೇಕು? ಯಾರೋ ಮೇಷ್ಟ್ರು ಕನಿಕರಪಟ್ಟು ತಮ್ಮ ನಂಬರು ಕೊಡುತ್ತಾರೆ. ಅಕ್ಕನ ತಮ್ಮನಿಗೆ ಆದದ್ದು ಆಗುತ್ತದೆ. ಜೈಲಿನಲ್ಲಿ ಇನ್ನೊಂದು ಕೇಂದ್ರ ಉದ್ಘಾಟಿಸುವುದಕ್ಕಿಂತ, ಬಿಡುಗಡೆಯ ದಿನ ಬಟ್ಟೆ, ದುಡ್ಡು, ಕೈಗಡಿಯಾರ ವಾಪಸು ಕೊಡುವಾಗ ಅಂಕಪಟ್ಟಿ, ನೋಂದಣಿ ಸಂಖ್ಯೆ, ಯಾವ ಅಸೈನ್‌ಮೆಂಟ್ ಕಳಿಸಿದೆ ಎಂಬ ರಸೀದಿ ಕೂಡ ಕೈಗೆ ಕೊಟ್ಟರೆ ಅರ್ಧ ಜನರ ಓದು ನಿಲ್ಲುವುದಿಲ್ಲ.

ತೆರಿಗೆ ಕಟ್ಟುವವನು
ರಸೀದಿ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಅದಕ್ಕೆ ಖರ್ಚೂ ಇಲ್ಲ.

ಮಾಟುಂಗಾ ಮಾವ
ಅಬ್ಬಾ, ಇಷ್ಟಕ್ಕಾದರೂ ಒಪ್ಪಿದರಲ್ಲ.

ಘಾಟ್ಕೋಪರ್ ಮಯ್ಯ
ಸಾಲದ ವಿಷಯ ಯಾರೂ ಹೇಳಲಿಲ್ಲ. 2022ರಲ್ಲಿ ಯರವಡಾದಲ್ಲಿ ‘ಜಿವ್ಹಾಳಾ’ ಎಂಬ ಯೋಜನೆ ಶುರುವಾಯಿತು, ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕಿನಿಂದ ಕೈದಿಗಳಿಗೆ 50,000 ರೂಪಾಯಿವರೆಗೆ ಸಾಲ. ಒಳಗೆ ದುಡಿದ ಕೂಲಿಯಿಂದ ತೀರಿಸುವುದು. ಮಕ್ಕಳ ಓದಿಗೂ ಬಳಸಬಹುದು.

ಫೋರ್ಟ್ ವಕೀಲ
ಕೂಲಿ ಇರುವುದು ಶಿಕ್ಷೆಯಾದವರಿಗೆ. ವಿಚಾರಣಾಧೀನರು ಮತ್ತೆ ಹೊರಗೇ ಉಳಿದರು. ಬಸವರಾಜರೇ, ನಿಮ್ಮ ಮಾವನ ಮಗನ ವಿಷಯದಲ್ಲಿ ಓದಿಗಿಂತ ಮೊದಲು ಜಾಮೀನು ನೋಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಶ್ಯೂರಿಟಿಯ ಷರತ್ತು ಸಡಿಲಿಸಲು ಅವರ ವಕೀಲರು ಕೇಳಬಹುದು. ಇದು ಅವನ ಮೊದಲ ಕೇಸಾಗಿದ್ದರೆ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಒಳಗೆ ಕಳೆದವರನ್ನು ಬಿಡಬೇಕೆಂಬ 479ನೆಯ ಕಲಂ ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಬೇರೆ ಕೇಸುಗಳಿದ್ದರೆ ಅನ್ವಯಿಸುವುದಿಲ್ಲ.

ವಾಸ್ಕೋ ಬಸವರಾಜ
ಮೊದಲ ಕೇಸೇ ಸರ್. ಸೋಮವಾರವೇ ಹೋಗುತ್ತೇನೆ. ಹೊರಗೆ ಬಂದರೆ ಮತ್ತೆ ಸಿಮೆಂಟ್ ಹೊರಲು ಹೋಗುತ್ತಾನೋ, ಓದುತ್ತಾನೋ ನೋಡಬೇಕು.

ನಾಲಾಸೋಪಾರಾ ಗೀತಾ
ಎಲ್ಲರೂ ತಮ್ಮ, ಅಣ್ಣ, ಮಾವನ ಮಗ ಎನ್ನುತ್ತಿದ್ದೀರಿ. ಬೈಕಲಾ ಜೈಲಿನಲ್ಲಿ ಹೆಂಗಸರಿದ್ದಾರೆ. ಗಂಡಸು ಒಳಗಿದ್ದರೆ ಅಕ್ಕ ಬಂದು ಹಾಳೆ ಕೊಡುತ್ತಾಳೆ. ಹೆಂಗಸು ಒಳಗಿದ್ದರೆ ಮುಲಾಖತ್‌ಗೇ ಯಾರೂ ಬರುವುದಿಲ್ಲ. ನಮ್ಮ ಚಾಳಿನ ಒಬ್ಬಳು ಹೊರಗೆ ಬಂದಾಗ ಮನೆ, ಪಡಿತರ ಚೀಟಿ ಎರಡರಲ್ಲೂ ಅವಳ ಹೆಸರಿರಲಿಲ್ಲ. ಅವಳ ಶಾಲಾ ದಾಖಲೆಯನ್ನು ಗಂಡನ ಮನೆಯವರು ಸುಟ್ಟಿದ್ದರು. ಅವಳಿಗೆ ಯಾವ ಐಡಿ?

ದೇವನಾರ್ ವಿದ್ಯಾರ್ಥಿನಿ
ಶಾಲೆ ಇನ್ನೂ ಇದ್ದರೆ ಅಲ್ಲಿಯ ಜನರಲ್ ರಿಜಿಸ್ಟರ್‌ನಿಂದ ನಕಲು ದಾಖಲೆ ಸಿಗುತ್ತದೆ ಗೀತಕ್ಕ. ಯಾವ ಊರಿನ ಶಾಲೆ ಎಂದು ಖಾಸಗಿಯಾಗಿ ತಿಳಿಸಿ, ಅರ್ಜಿ ನಾನು ಬರೆದುಕೊಡುತ್ತೇನೆ.

ಠಾಣೆಯ ಅಕ್ಕ
ಎಲ್ಲರಿಗೂ ತಿಳಿಸುತ್ತಿದ್ದೇನೆ. ಆಧಾರ್‌ಗೆ ಹೊಸ ನಂಬರು ಕೊಟ್ಟು ಬಂದೆವು. ಪ್ರಾದೇಶಿಕ ಕೇಂದ್ರದಲ್ಲಿ ಒಬ್ಬ ಮೇಡಂ ಅರ್ಜಿ ತೆಗೆದುಕೊಂಡರು, ಬಿಡುಗಡೆ ಪತ್ರ ಕೇಳಲಿಲ್ಲ. ಅಂಕ ಕಾಣದ ಅಸೈನ್‌ಮೆಂಟ್‌ಗಳನ್ನು ಮತ್ತೆ ಬರೆದು ಕೊಡುವುದು ಹುಡುಕುವುದಕ್ಕಿಂತ ಬೇಗ ಆಗುತ್ತದೆ ಎಂದರು. ತಮ್ಮ ರಾತ್ರಿ ಹೊಟೇಲ್ ಮುಗಿಸಿ ಬಂದು ಬರೆಯಲು ಶುರು ಮಾಡಿದ್ದಾನೆ. ಹಿಂದಿಯಲ್ಲಿ ಬರೆಯುವುದು ಅವನಿಗೆ ಇನ್ನೂ ಕಷ್ಟ, ರಾಜ್ಯಶಾಸ್ತ್ರವನ್ನು ಮೊದಲು ಕನ್ನಡದಲ್ಲಿ ಓದಿಕೊಂಡರೆ ಸುಲಭ ಎನ್ನುತ್ತಾನೆ. ಪಿಯುಸಿಯ ಅಥವಾ ಬಿ.ಎ.ಯ ಹಳೆಯ ಕನ್ನಡ ಪುಸ್ತಕಗಳು ಯಾರ ಬಳಿಯಾದರೂ ಇವೆಯೇ?

ಮಾಟುಂಗಾ ಮಾವ
ನನ್ನ ಮಗಳ ಪಿಯುಸಿ ಪುಸ್ತಕಗಳು ಅಟ್ಟದ ಮೇಲಿವೆ, ರಾಜ್ಯಶಾಸ್ತ್ರ, ಇತಿಹಾಸ ಎರಡೂ. ಹಳೆಯ ಪಠ್ಯಕ್ರಮ, ಕೆಲವು ಹಾಳೆಗಳಿಗೆ ಗೆದ್ದಲು ಹಿಡಿದಿದೆ. ಭಾನುವಾರ ಹತ್ತು ಗಂಟೆಯ ಮೇಲೆ ತಮ್ಮನನ್ನೇ ಕಳಿಸಿ, ಹಿಂದಿ ಪಾಠ ಯಾವುದು ಅರ್ಥವಾಗಿಲ್ಲವೋ ಅದನ್ನೂ ತರಲಿ.

ವಾಸ್ಕೋ ಬಸವರಾಜ
ಮಾವ, ಏಳನೆಯ ತರಗತಿಯ ಗಣಿತ ಇದ್ದರೆ ನನಗೊಂದು ಇಡಿ. ಅಂಚೆ ಖರ್ಚು ನಾನು ಕೊಡುತ್ತೇನೆ.